ಕನ್ನಡ ಜಾಲತಾಣ ರಚನೆ

ಕನ್ನಡ ಜಾಲತಾಣ ರಚನೆ ಎಂದರೆ ಕನ್ನಡ ಲಿಪಿಯ ಪಠ್ಯವನ್ನು ಅಂತರಜಾಲದಲ್ಲಿ ಓದಲು, ಹುಡುಕಲು ಮತ್ತು ಉಳಿಸಿಕೊಳ್ಳಲು ಸಾಧ್ಯವಾಗುವಂತೆ ಜಾಲಪುಟಗಳನ್ನು ಸಿದ್ಧಪಡಿಸಿ ಪ್ರಕಟಿಸುವ ಕಾರ್ಯ. ಇದಕ್ಕೆ ಮುಖ್ಯವಾಗಿ ಎಚ್‌ಟಿಎಂಎಲ್, ಸಿಎಸ್‌ಎಸ್ ಮತ್ತು ಜಾವಾಸ್ಕ್ರಿಪ್ಟ್ ಎಂಬ ಮೂರು ಗಣಕ ಭಾಷೆಗಳನ್ನು ಬಳಸಲಾಗುತ್ತದೆ. ಈ ಭಾಷೆಗಳ ನಿಯಮಗಳು ಜಗತ್ತಿನ ಎಲ್ಲ ಕಡೆ ಒಂದೇ ಆಗಿದ್ದರೂ, ಕನ್ನಡದಲ್ಲಿ ಪುಟ ರಚಿಸುವವರು ಅಕ್ಷರಗಳ ಸಂಕೇತ ವ್ಯವಸ್ಥೆ, ಅಕ್ಷರಶೈಲಿ, ಅಕಾರಾದಿ ಕ್ರಮ ಮೊದಲಾದ ಕೆಲವು ವಿಷಯಗಳನ್ನು ಹೆಚ್ಚುವರಿಯಾಗಿ ತಿಳಿದಿರಬೇಕಾಗುತ್ತದೆ. ಪರದೆಯ ಮೇಲೆ ಸರಿಯಾಗಿ ಕಾಣುವ ಕನ್ನಡವೆಲ್ಲವೂ ಗಣಕಕ್ಕೆ ಕನ್ನಡವಾಗಿ ತಿಳಿಯುತ್ತದೆ ಎನ್ನುವಂತಿಲ್ಲ. ಈ ವ್ಯತ್ಯಾಸವನ್ನು ಅರಿಯುವುದು ಹೊಸ ಕಲಿಕೆದಾರರ ಮೊದಲ ಪಾಠವಾಗಿದೆ.

## ಹಿನ್ನೆಲೆ

ಬ್ರಿಟನ್ನಿನ ವಿಜ್ಞಾನಿ ಟಿಮ್ ಬರ್ನರ್ಸ್-ಲೀ ಅವರು ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿದ್ದಾಗ 1989ರಲ್ಲಿ ವಿಶ್ವವ್ಯಾಪಿ ಜಾಲದ ಪ್ರಸ್ತಾವವನ್ನು ಮುಂದಿಟ್ಟರು. 1991ರಲ್ಲಿ ಮೊದಲ ಜಾಲತಾಣ ಸಾರ್ವಜನಿಕರಿಗೆ ತಿಳಿಯಿತು. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಜ್ಞಾನವನ್ನು ಯಾವುದೇ ಶುಲ್ಕವಿಲ್ಲದೆ ಎಲ್ಲರ ಬಳಕೆಗೆ ಬಿಟ್ಟುಕೊಟ್ಟಿತು. ಜಾಲಪುಟದ ಮೂಲ ಪಠ್ಯವನ್ನು ಯಾರು ಬೇಕಾದರೂ ತೆರೆದು ನೋಡಬಹುದಾಗಿದ್ದರಿಂದ, ಬೇರೆಯವರ ಪುಟಗಳನ್ನು ನೋಡಿ ಕಲಿಯುವ ಪದ್ಧತಿ ಆರಂಭದಿಂದಲೇ ರೂಢಿಗೆ ಬಂದಿತು. ಇಂದಿಗೂ ಕಂಪ್ಯೂಟರಿನ ಬಹುತೇಕ ಬ್ರೌಸರ್‌ಗಳಲ್ಲಿ ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆ ಪುಟದ ಮೂಲ ಪಠ್ಯ ತೆರೆದುಕೊಳ್ಳುತ್ತದೆ.

ಕನ್ನಡದಲ್ಲಿ ಈ ಕೆಲಸ 1990ರ ದಶಕದಲ್ಲಿ ಆರಂಭವಾಯಿತು. ಯು. ಬಿ. ಪವನಜ ಅವರು 1996ರಲ್ಲಿ ಪ್ರಾರಂಭಿಸಿದ ವಿಶ್ವಕನ್ನಡವನ್ನು ಕನ್ನಡದ ಮೊದಲ ಜಾಲತಾಣವೆಂದು ಗುರುತಿಸಲಾಗುತ್ತದೆ. ಮಕ್ಕಳಿಗೆ ಕ್ರಮವಿಧಿ ರಚನೆಯನ್ನು ಕಲಿಸುವ ಲೋಗೊ ಭಾಷೆಯ ಕನ್ನಡ ಆವೃತ್ತಿಯನ್ನೂ ಅವರು ರೂಪಿಸಿದರು. 2003ರ ಜೂನ್ ತಿಂಗಳಿನಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಹರಿಪ್ರಸಾದ್ ನಾಡಿಗ್ ಅವರ ಸಂಪದ, ಕರ್ನಾಟಕ ಜ್ಞಾನ ಆಯೋಗದ ಯೋಜನೆಯಾಗಿ ಮೊದಲಾದ ಕಣಜ ಮುಂತಾದ ತಾಣಗಳು ಕನ್ನಡ ಪಠ್ಯವನ್ನು ಜಾಲದಲ್ಲಿ ಹೆಚ್ಚಿಸಿದವು.

## ಅಕ್ಷರ ಸಂಕೇತದ ಪ್ರಶ್ನೆ

### ಹಳೆಯ ಪದ್ಧತಿ

ಆರಂಭದ ವರ್ಷಗಳಲ್ಲಿ ಕನ್ನಡ ಅಕ್ಷರಗಳಿಗೆ ಪ್ರತ್ಯೇಕ ಸಂಕೇತಗಳು ಬಳಕೆಯಲ್ಲಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಹಾಗೂ ಚಿಹ್ನೆಗಳ ಸಂಕೇತಗಳ ಸ್ಥಾನದಲ್ಲಿ ಕನ್ನಡ ಅಕ್ಷರಗಳ ಚಿತ್ರಗಳನ್ನು ಕೂರಿಸಿದ ಅಕ್ಷರಶೈಲಿಗಳನ್ನು ಬಳಸಲಾಗುತ್ತಿತ್ತು. ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ಮತ್ತು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶಗಳ ಹಳೆಯ ಆವೃತ್ತಿಗಳು ಈ ವಿಧಾನವನ್ನು ಅನುಸರಿಸಿದ್ದವು. ಮುದ್ರಣಕ್ಕೆ ಇದರಿಂದ ತೊಂದರೆಯಿರಲಿಲ್ಲ. ಪುಸ್ತಕ, ಆಮಂತ್ರಣ ಪತ್ರಿಕೆ, ಕಚೇರಿಯ ಪತ್ರಗಳನ್ನು ಕನ್ನಡದಲ್ಲಿ ಸಿದ್ಧಪಡಿಸುವುದು ಸಾಮಾನ್ಯರಿಗೂ ಸಾಧ್ಯವಾದದ್ದು ಈ ತಂತ್ರಾಂಶಗಳಿಂದಲೇ.

ಆದರೆ ಜಾಲಪುಟದಲ್ಲಿ ಈ ವಿಧಾನದ ಮಿತಿ ಎದ್ದು ಕಂಡಿತು. ಓದುಗರ ಕಂಪ್ಯೂಟರಿನಲ್ಲಿ ಅದೇ ಅಕ್ಷರಶೈಲಿ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತಿದ್ದವು. ಪುಟದೊಂದಿಗೆ ಅಕ್ಷರಶೈಲಿಯನ್ನೂ ಕಳುಹಿಸುವ ಡೈನಾಮಿಕ್ ಫಾಂಟ್ ವಿಧಾನದಿಂದ ಕಾಣುವ ತೊಂದರೆ ಬಗೆಹರಿಯಿತಾದರೂ ಹುಡುಕುವ ತೊಂದರೆ ಉಳಿಯಿತು. ಕಡತದೊಳಗೆ ಇದ್ದದ್ದು ಕನ್ನಡವಲ್ಲದ ಕಾರಣ, ಶೋಧಕ ತಂತ್ರಾಂಶಗಳಿಗೆ ಅದರಲ್ಲಿನ ಕನ್ನಡ ಪದಗಳು ಸಿಗುತ್ತಿರಲಿಲ್ಲ.

### ಯೂನಿಕೋಡ್

ಜಗತ್ತಿನ ಎಲ್ಲ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ನಿಗದಿಪಡಿಸುವ ಶಿಷ್ಟತೆಯೇ ಯೂನಿಕೋಡ್. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ದಶಮಾನ ಪದ್ಧತಿಯಲ್ಲಿ ಹೇಳುವುದಾದರೆ 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡಕ್ಕೆ ಮೀಸಲಾಗಿವೆ. 2001ರಲ್ಲಿ ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿಯೊಂದಿಗೆ ತುಂಗಾ ಎಂಬ ಯೂನಿಕೋಡ್ ಕನ್ನಡ ಅಕ್ಷರಶೈಲಿ ಬಂದಿತು. ನುಡಿ ಮತ್ತು ಬರಹದ ನಂತರದ ಆವೃತ್ತಿಗಳಲ್ಲಿಯೂ ಯೂನಿಕೋಡ್ ಬರವಣಿಗೆಗೆ ಅವಕಾಶವಿದೆ.

ಬೆಳಗಾವಿ ಜಿಲ್ಲೆಯ ಕೌಜಲಗಿ ಎಂಬ ಊರಿನ ಹೆಸರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಓದುಗರಿಗೆ ಅದು ನಾಲ್ಕು ಅಕ್ಷರಗಳ ಪದ. ಗಣಕಕ್ಕೆ ಅದು ಆರು ಸಂಕೇತಗಳ ಸಾಲು: ಕ (3221), ಔಕಾರದ ಚಿಹ್ನೆ (3276), ಜ (3228), ಲ (3250), ಗ (3223), ಇಕಾರದ ಚಿಹ್ನೆ (3263). ಜಾಲದಲ್ಲಿ ಸಾಮಾನ್ಯವಾಗಿ ಬಳಕೆಯಾಗುವ ಯುಟಿಎಫ್-8 ಎಂಬ ರೂಪದಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೂ 3 ಬೈಟ್‌ಗಳು ಬೇಕಾಗುವುದರಿಂದ ಈ ಹೆಸರು 18 ಬೈಟ್‌ಗಳಲ್ಲಿ ಸಂಗ್ರಹವಾಗುತ್ತದೆ. ಅಕ್ಷರಶೈಲಿ ಯಾವುದೇ ಆಗಿರಲಿ, ಮೊಬೈಲಾಗಲಿ ಕಂಪ್ಯೂಟರಾಗಲಿ, ಈ ಸಂಖ್ಯೆಗಳು ಬದಲಾಗುವುದಿಲ್ಲ. ಆದ್ದರಿಂದಲೇ ಊರಿನ ಹೆಸರನ್ನು ಯಾರಾದರೂ ಕನ್ನಡದಲ್ಲಿ ಹುಡುಕಿದಾಗ ಆ ಪುಟ ಸಿಗುವ ಸಾಧ್ಯತೆ ಉಂಟಾಗುತ್ತದೆ.

## ಮೂರು ಭಾಷೆಗಳು

ಎಚ್‌ಟಿಎಂಎಲ್ ಪುಟದ ರಚನೆಯನ್ನು ತಿಳಿಸುತ್ತದೆ. ಯಾವುದು ಶೀರ್ಷಿಕೆ, ಯಾವುದು ಪರಿಚ್ಛೇದ, ಯಾವುದು ಕೊಂಡಿ ಎಂಬುದನ್ನು ಟ್ಯಾಗ್ ಎಂಬ ಗುರುತುಗಳ ಮೂಲಕ ಸೂಚಿಸಲಾಗುತ್ತದೆ. ಟ್ಯಾಗ್‌ಗಳನ್ನು ರೋಮನ್ ಲಿಪಿಯಲ್ಲಿಯೇ, ಕೋನಾಕಾರದ ಆವರಣದೊಳಗೆ ಬರೆಯಬೇಕು. ಈ ಭಾಷೆಯಲ್ಲಿ ನೂರಕ್ಕೂ ಹೆಚ್ಚು ಟ್ಯಾಗ್‌ಗಳಿದ್ದರೂ ಸರಳ ತಾಣವೊಂದಕ್ಕೆ ಹದಿನೈದು ಇಪ್ಪತ್ತು ಸಾಕಾಗುತ್ತವೆ.

ಸಿಎಸ್‌ಎಸ್ ಪುಟದ ರೂಪವನ್ನು ನಿರ್ಧರಿಸುತ್ತದೆ. ಬಣ್ಣ, ಅಕ್ಷರದ ಗಾತ್ರ, ಸಾಲುಗಳ ನಡುವಿನ ಅಂತರ, ಅಂಚು ಇವೆಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಹೋಕನ್ ವಿಯುಮ್ ಲೀ ಅವರು 1994ರಲ್ಲಿ ಇದನ್ನು ಪ್ರಸ್ತಾಪಿಸಿದರು. 1996ರಲ್ಲಿ ಇದರ ಮೊದಲ ಆವೃತ್ತಿ ಶಿಷ್ಟತೆಯಾಗಿ ಪ್ರಕಟವಾಯಿತು.

ಜಾವಾಸ್ಕ್ರಿಪ್ಟ್ ಪುಟಕ್ಕೆ ಚಲನೆಯನ್ನು ಕೊಡುತ್ತದೆ. ಗುಂಡಿ ಒತ್ತಿದಾಗ ಉತ್ತರ ತೋರಿಸುವುದು, ಪಟ್ಟಿಯನ್ನು ವಿಂಗಡಿಸುವುದು, ದಿನಾಂಕವನ್ನು ಲೆಕ್ಕ ಹಾಕುವುದು ಮುಂತಾದವು ಇದರ ಕೆಲಸ. ಬ್ರೆಂಡನ್ ಐಕ್ ಅವರು 1995ರಲ್ಲಿ ಇದನ್ನು ರೂಪಿಸಿದರು. ಬರಹ ಮತ್ತು ಚಿತ್ರಗಳಷ್ಟೇ ಇರುವ ತಾಣಕ್ಕೆ ಇದರ ಅಗತ್ಯವಿಲ್ಲ. ಹೊಸಬರು ಮೊದಲೆರಡು ಭಾಷೆಗಳನ್ನು ಕಲಿತ ಮೇಲೆ ಇದಕ್ಕೆ ಬರುವುದು ಸೂಕ್ತ.

ಈ ಭಾಷೆಗಳ ಆದೇಶಪದಗಳು ಇಂಗ್ಲಿಷಿನವಾಗಿದ್ದರೂ ಬರೆಯುವವರು ತಾವೇ ಇಡುವ ಹೆಸರುಗಳು ಕನ್ನಡದಲ್ಲಿರಬಹುದು. ಉದಾಹರಣೆಗೆ ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಚರಾಂಶಕ್ಕೆ "ಹೆಸರು" ಅಥವಾ "ವಯಸ್ಸು" ಎಂದು ಹೆಸರಿಡಲು ಅಡ್ಡಿಯಿಲ್ಲ. ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ಇದರಿಂದ, ಭಾಷೆಯ ಆದೇಶ ಯಾವುದು, ತಾವು ಇಟ್ಟ ಹೆಸರು ಯಾವುದು ಎಂಬ ಭೇದ ಒಂದೇ ನೋಟಕ್ಕೆ ತಿಳಿಯುತ್ತದೆ.

## ಬೇಕಾದ ಸಲಕರಣೆಗಳು

ಜಾಲಪುಟ ರಚನೆಗೆ ಸಾದಾ ಪಠ್ಯವನ್ನು ಬರೆಯುವ ತಂತ್ರಾಂಶ ಮತ್ತು ಒಂದು ಬ್ರೌಸರ್ ಇದ್ದರೆ ಸಾಕು. ವಿಂಡೋಸ್‌ನ ನೋಟ್‌ಪ್ಯಾಡ್, ಉಚಿತವಾಗಿ ದೊರೆಯುವ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಮತ್ತು ವಿಷುಯಲ್ ಸ್ಟುಡಿಯೊ ಕೋಡ್ ಸಾಮಾನ್ಯ ಬಳಕೆಯಲ್ಲಿವೆ. ಪುಟವನ್ನು ಕಂಪ್ಯೂಟರಿನಲ್ಲಿಯೇ ಸಿದ್ಧಪಡಿಸಿ ಬ್ರೌಸರಿನಲ್ಲಿ ತೆರೆದು ನೋಡಲು ಅಂತರಜಾಲ ಸಂಪರ್ಕವೂ ಬೇಕಾಗಿಲ್ಲ. ವರ್ಡ್‌ನಂತಹ ಕಚೇರಿ ತಂತ್ರಾಂಶಗಳು ತಮ್ಮದೇ ಗುಪ್ತ ಗುರುತುಗಳನ್ನು ಸೇರಿಸುವುದರಿಂದ ಈ ಕೆಲಸಕ್ಕೆ ಒಗ್ಗುವುದಿಲ್ಲ.

ಕನ್ನಡವನ್ನು ಬೆರಳಚ್ಚು ಮಾಡಲು ಮೂರು ವಿಧಾನಗಳು ಪ್ರಚಲಿತವಾಗಿವೆ: ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಇನ್‌ಸ್ಕ್ರಿಪ್ಟ್ ವಿನ್ಯಾಸ, ಕೆ. ಪಿ. ರಾವ್ ಅವರು ರೂಪಿಸಿದ ಧ್ವನ್ಯಾತ್ಮಕ ಕೀಲಿಮಣೆ ವಿನ್ಯಾಸ, ಮತ್ತು ರೋಮನ್ ಅಕ್ಷರಗಳಲ್ಲಿ ಬರೆದು ಕನ್ನಡಕ್ಕೆ ಪರಿವರ್ತಿಸುವ ಲಿಪ್ಯಂತರಣ ವಿಧಾನ. ವಿಧಾನ ಯಾವುದಾದರೂ ಫಲಿತಾಂಶ ಯೂನಿಕೋಡ್‌ನಲ್ಲಿ ಇರಬೇಕಾದುದು ಮುಖ್ಯ.

## ಮೊದಲ ಪುಟದ ರಚನೆ

ತಾಣದ ಮುಖಪುಟದ ಕಡತಕ್ಕೆ ರೂಢಿಯಂತೆ ಇಂಡೆಕ್ಸ್ ಎಂಬ ಹೆಸರನ್ನೂ ಎಚ್‌ಟಿಎಂಎಲ್ ಎಂಬ ವಿಸ್ತರಣೆಯನ್ನೂ ಕೊಡಲಾಗುತ್ತದೆ. ಪುಟದಲ್ಲಿ ತಲೆಭಾಗ ಮತ್ತು ಒಡಲು ಎಂಬ ಎರಡು ಭಾಗಗಳಿರುತ್ತವೆ. ಓದುಗರಿಗೆ ನೇರವಾಗಿ ಕಾಣದ ಸೂಚನೆಗಳು ತಲೆಭಾಗದಲ್ಲಿ, ಕಾಣುವ ವಿಷಯ ಒಡಲಿನಲ್ಲಿ ಬರುತ್ತವೆ. ಕನ್ನಡ ಪುಟದಲ್ಲಿ ನಾಲ್ಕು ಸೂಚನೆಗಳು ತಪ್ಪದೆ ಇರಬೇಕು.

1. ಭಾಷೆಯ ಸೂಚನೆ. ಪುಟದ ಆರಂಭದ ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಭಾಷೆ ಕನ್ನಡವೆಂದು "ಕೆಎನ್" ಎಂಬ ಎರಡಕ್ಷರದ ಸಂಕೇತದಿಂದ ತಿಳಿಸಬೇಕು. ದೃಷ್ಟಿದೋಷವುಳ್ಳವರು ಬಳಸುವ ಪರದೆ ಓದುವ ತಂತ್ರಾಂಶಗಳು ಇದನ್ನು ನೋಡಿ ಕನ್ನಡದ ಧ್ವನಿಯನ್ನು ಆರಿಸಿಕೊಳ್ಳುತ್ತವೆ.
2. ಅಕ್ಷರ ಸಂಕೇತದ ಸೂಚನೆ. ಪುಟ ಯುಟಿಎಫ್-8ರಲ್ಲಿದೆ ಎಂಬುದನ್ನು ಕಡತದ ಮೊದಲ 1024 ಬೈಟ್‌ಗಳೊಳಗೆ ಹೇಳಬೇಕು. ಇದನ್ನು ಬಿಟ್ಟರೆ ಬ್ರೌಸರ್ ಬೇರೆ ಸಂಕೇತವೆಂದು ಊಹಿಸಿ, ಕನ್ನಡದ ಸ್ಥಾನದಲ್ಲಿ ವಿಚಿತ್ರ ರೋಮನ್ ಚಿಹ್ನೆಗಳನ್ನು ತೋರಿಸಬಹುದು.
3. ಪರದೆಯ ಅಗಲದ ಸೂಚನೆ. ವ್ಯೂಪೋರ್ಟ್ ಎಂಬ ಈ ಸಾಲು ಇಲ್ಲದಿದ್ದರೆ ಮೊಬೈಲಿನಲ್ಲಿ ಪುಟ ಕುಗ್ಗಿ, ಅಕ್ಷರಗಳು ಓದಲಾಗದಷ್ಟು ಚಿಕ್ಕದಾಗಿ ಕಾಣುತ್ತವೆ.
4. ಪುಟದ ಹೆಸರು. ಟೈಟಲ್ ಟ್ಯಾಗ್‌ನಲ್ಲಿ ಬರೆದದ್ದು ಬ್ರೌಸರಿನ ಮೇಲುಪಟ್ಟಿಯಲ್ಲಿಯೂ ಹುಡುಕಾಟದ ಫಲಿತಾಂಶಗಳಲ್ಲಿಯೂ ಕಾಣುತ್ತದೆ.

ಒಡಲಿನಲ್ಲಿ ಆರಂಭಿಕರಿಗೆ ಹೆಚ್ಚಾಗಿ ಬೇಕಾಗುವ ಟ್ಯಾಗ್‌ಗಳು ಹೀಗಿವೆ:

- ಎಚ್1ರಿಂದ ಎಚ್6: ಮುಖ್ಯ ಶೀರ್ಷಿಕೆ ಹಾಗೂ ಉಪಶೀರ್ಷಿಕೆಗಳು
- ಪಿ: ಪರಿಚ್ಛೇದ
- ಎ: ಬೇರೆ ಪುಟಕ್ಕೆ ಕೊಂಡಿ
- ಐಎಂಜಿ: ಚಿತ್ರ
- ಯುಎಲ್, ಓಎಲ್ ಮತ್ತು ಎಲ್‌ಐ: ಪಟ್ಟಿ ಮತ್ತು ಪಟ್ಟಿಯ ಅಂಶಗಳು
- ಟೇಬಲ್: ಕೋಷ್ಟಕ

ಬಹುತೇಕ ಟ್ಯಾಗ್‌ಗಳಿಗೆ ಆರಂಭದ ಗುರುತು ಮತ್ತು ಓರೆಗೆರೆಯುಳ್ಳ ಮುಕ್ತಾಯದ ಗುರುತು ಎರಡೂ ಇರುತ್ತವೆ. ಒಂದರೊಳಗೆ ಒಂದನ್ನು ತೆರೆದಾಗ, ಕೊನೆಯಲ್ಲಿ ತೆರೆದದ್ದನ್ನು ಮೊದಲು ಮುಚ್ಚಬೇಕು.

## ಒಂದು ಊರಿನ ತಾಣ: ಉದಾಹರಣೆ

ಕಲಿಕೆಗೆ ಚಿಕ್ಕದಾದ, ಕಲಿಯುವವರಿಗೆ ಪರಿಚಿತವಾದ ವಿಷಯ ಅನುಕೂಲಕರ. ಗೋಕಾಕ ಮತ್ತು ಮೂಡಲಗಿ ಭಾಗದ ಕೌಜಲಗಿಯ ಬಗ್ಗೆ ವಿದ್ಯಾರ್ಥಿಯೊಬ್ಬರು ತಾಣ ರಚಿಸುವುದಾದರೆ ಮೂರು ಪುಟಗಳಿಂದ ಆರಂಭಿಸಬಹುದು: ಊರಿನ ಪರಿಚಯ, ಕಲಾ ಪರಂಪರೆ, ಮತ್ತು ಚಿತ್ರಗಳು. ಶ್ರೀಕೃಷ್ಣ ಪಾರಿಜಾತದ ಆಟದಿಂದ ಹೆಸರಾದ ಕಲಾವಿದೆ ಕೌಜಲಗಿ ನಿಂಗಮ್ಮ ಅವರ ಹೆಸರಿನೊಂದಿಗೆ ಈ ಊರಿನ ಹೆಸರೂ ಉತ್ತರ ಕರ್ನಾಟಕದ ಜನರಿಗೆ ಪರಿಚಿತವಾಗಿದೆ. ಆದ್ದರಿಂದ ಎರಡನೆಯ ಪುಟಕ್ಕೆ ವಿಷಯದ ಕೊರತೆ ಇಲ್ಲ.

ಇಂತಹ ಪುಟದಲ್ಲಿ ಊರಿನ ಹೆಸರು ಎಚ್1 ಶೀರ್ಷಿಕೆಯಾಗಿಯೂ, ಭೂಗೋಳ, ಶಾಲೆಗಳು, ಜಾತ್ರೆ ಮೊದಲಾದವು ಎಚ್2 ಉಪಶೀರ್ಷಿಕೆಗಳಾಗಿಯೂ ಬರುತ್ತವೆ. ಶೀರ್ಷಿಕೆಯನ್ನು ಕೇವಲ ದೊಡ್ಡ ಅಕ್ಷರದಲ್ಲಿ ಬರೆದರೆ ಕಣ್ಣಿಗೆ ವ್ಯತ್ಯಾಸ ಕಾಣದು. ಆದರೆ ಟ್ಯಾಗ್ ಬಳಸಿದಾಗ ಮಾತ್ರ ಶೋಧಕ ತಂತ್ರಾಂಶಕ್ಕೂ ಪರದೆ ಓದುವ ತಂತ್ರಾಂಶಕ್ಕೂ ಅದು ಶೀರ್ಷಿಕೆಯೆಂದು ತಿಳಿಯುತ್ತದೆ. ಪ್ರತಿಯೊಂದು ಚಿತ್ರಕ್ಕೂ ಅದರಲ್ಲಿ ಏನಿದೆ ಎಂಬುದನ್ನು ಕನ್ನಡದಲ್ಲಿ ವಿವರಿಸುವ ಪರ್ಯಾಯ ಪಠ್ಯವನ್ನು ಕೊಡಬೇಕು.

ಹುಡುಕುವವರು ಬಳಸುವ ಪದಗಳನ್ನೂ ಗಮನಿಸಬೇಕಾಗುತ್ತದೆ. ಗೋಕಾಕ ತಾಲ್ಲೂಕನ್ನು ವಿಭಜಿಸಿ ಮೂಡಲಗಿ ತಾಲ್ಲೂಕನ್ನು ರಚಿಸಿದ ಮೇಲೆ ಅನೇಕ ಹಳ್ಳಿಗಳ ವಿಳಾಸ ಬದಲಾಗಿದೆ. ಹಳೆಯ ವಿಳಾಸದಿಂದ ಹುಡುಕುವವರೂ ಇರುವುದರಿಂದ ಎರಡೂ ಹೆಸರುಗಳು ಪಠ್ಯದಲ್ಲಿ ಸಹಜವಾಗಿ ಬರುವಂತೆ ಬರೆಯುವುದು ಒಳ್ಳೆಯದು. ರೋಮನ್ ಲಿಪಿಯಲ್ಲಿ ಊರುಗಳ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ; ಕನ್ನಡದಲ್ಲಿ ಬರೆದ ಹೆಸರಿಗೆ ಆ ಗೊಂದಲ ಕಡಿಮೆ.

## ಕನ್ನಡಕ್ಕೆ ವಿಶಿಷ್ಟವಾದ ತೊಡಕುಗಳು

ಅನುಸ್ವಾರ ಮತ್ತು ಸೊನ್ನೆ. ಅನುಸ್ವಾರ ಮತ್ತು ಕನ್ನಡದ ಸೊನ್ನೆ ನೋಡಲು ಹೆಚ್ಚುಕಡಿಮೆ ಒಂದೇ ಆಗಿದ್ದರೂ ಅವುಗಳ ಸಂಕೇತಗಳು ಬೇರೆ. "ಅಂಗಡಿ" ಎಂಬುದನ್ನು ಸೊನ್ನೆ ಬಳಸಿ "ಅ೦ಗಡಿ" ಎಂದು ಬೆರಳಚ್ಚು ಮಾಡಿದರೆ ಓದುಗರಿಗೆ ತಪ್ಪು ತಿಳಿಯುವುದಿಲ್ಲ. ಹುಡುಕಾಟದಲ್ಲಿ ಮಾತ್ರ ಆ ಪದ ತಪ್ಪಿಹೋಗಬಹುದು.

ಒತ್ತಕ್ಷರಗಳು. "ಶ್ರೀ" ಎಂಬ ಒಂದು ಅಕ್ಷರದಲ್ಲಿ ಶ, ವಿರಾಮ ಚಿಹ್ನೆಯಾದ ಹಲಂತ, ರ ಮತ್ತು ಈಕಾರ ಎಂಬ ನಾಲ್ಕು ಸಂಕೇತಗಳಿವೆ. ಜಾವಾಸ್ಕ್ರಿಪ್ಟ್‌ನಲ್ಲಿ ಪದದ ಉದ್ದವನ್ನು ಕೇಳಿದರೆ ಉತ್ತರ 4 ಎಂದು ಬರುತ್ತದೆ. ಪದಬಂಧ, ರಸಪ್ರಶ್ನೆ ಮುಂತಾದ ಆಟಗಳನ್ನು ರಚಿಸುವವರು ಸಂಕೇತಗಳನ್ನು ಎಣಿಸದೆ ಅಕ್ಷರಗಳನ್ನು ಎಣಿಸುವ ಕ್ರಮವನ್ನು ಅನುಸರಿಸಬೇಕು.

ಕೂಡದಿರುವ ಅಕ್ಷರಗಳು. "ರಾಜ್‌ಕುಮಾರ್" ಎಂದು ಬರೆಯುವಾಗ ಜ್ ಮತ್ತು ಕು ಕೂಡಿ ಒತ್ತಕ್ಷರವಾಗದಂತೆ ತಡೆಯಲು ಅವುಗಳ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಇಡಬೇಕು. ಅದಿಲ್ಲದಿದ್ದರೆ "ರಾಜ್ಕುಮಾರ್" ಎಂದು ಮೂಡುತ್ತದೆ.

ಅಕಾರಾದಿ ಕ್ರಮ. ಕನ್ನಡ ವರ್ಣಮಾಲೆಯಲ್ಲಿ ಳಕಾರ ಕೊನೆಯಲ್ಲಿ, ಹಕಾರದ ನಂತರ ಬರುತ್ತದೆ. ಯೂನಿಕೋಡ್ ಸಂಖ್ಯಾಕ್ರಮದಲ್ಲಿ ಅದು ಲಕಾರದ ಪಕ್ಕದಲ್ಲಿದೆ. ಬರಿಯ ಸಂಖ್ಯೆಗಳ ಆಧಾರದಲ್ಲಿ ವಿಂಗಡಿಸಿದ ಪಟ್ಟಿ ನಿಘಂಟಿನ ಕ್ರಮಕ್ಕೆ ಹೊಂದುವುದಿಲ್ಲ. ವಿಂಗಡಣೆಯ ನಿಯಮ ಕನ್ನಡದ್ದಾಗಿರಬೇಕೆಂದು ಪ್ರತ್ಯೇಕವಾಗಿ ಸೂಚಿಸಬೇಕು.

ಸಾಲುಗಳ ಅಂತರ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೂ ಗುಡಿಸು ಮೊದಲಾದ ಚಿಹ್ನೆಗಳು ಮೇಲಕ್ಕೂ ಚಾಚಿಕೊಳ್ಳುತ್ತವೆ. ಇಂಗ್ಲಿಷಿಗೆ ಸಾಕಾಗುವ ಅಂತರ ಕನ್ನಡಕ್ಕೆ ಇಕ್ಕಟ್ಟಾಗುತ್ತದೆ. ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ಅಂತರವನ್ನು ಸಿಎಸ್‌ಎಸ್‌ನಲ್ಲಿ ಸೂಚಿಸಿದರೆ ಓದು ಹಗುರವಾಗುತ್ತದೆ.

ಅಕ್ಷರಶೈಲಿ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ಲೋಹಿತ್ ಕನ್ನಡ, ಗುಬ್ಬಿ, ನವಿಲು ಮುಂತಾದ ಯೂನಿಕೋಡ್ ಅಕ್ಷರಶೈಲಿಗಳು ಮುಕ್ತ ಪರವಾನಗಿಯಲ್ಲಿ ದೊರೆಯುತ್ತವೆ. ಒಂದು ಶೈಲಿ ಸಿಗದಿದ್ದಾಗ ಬಳಸಬೇಕಾದ ಪರ್ಯಾಯಗಳನ್ನೂ ಸಿಎಸ್‌ಎಸ್‌ನಲ್ಲಿ ಸಾಲಾಗಿ ಕೊಡಬಹುದು.

ಉಳಿಸುವ ಕ್ರಮ. ನೋಟ್‌ಪ್ಯಾಡ್‌ನ ಹಳೆಯ ಆವೃತ್ತಿಗಳಲ್ಲಿ ಕಡತವನ್ನು ಉಳಿಸುವಾಗ ಯುಟಿಎಫ್-8ಅನ್ನು ಆರಿಸದಿದ್ದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಹೀಗೆ ಕಳೆದುಹೋದ ಪಠ್ಯವನ್ನು ಆ ಕಡತದಿಂದ ಮರಳಿ ಪಡೆಯಲಾಗುವುದಿಲ್ಲ.

## ಹಳೆಯ ಪಠ್ಯದ ಪರಿವರ್ತನೆ

ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಊರಿನ ಇತಿಹಾಸ, ಸ್ಮರಣ ಸಂಚಿಕೆ, ಬಯಲಾಟದ ಪಠ್ಯ, ಶಾಲಾ ಪತ್ರಿಕೆಗಳು ಮುದ್ರಣಾಲಯಗಳ ಮತ್ತು ಮನೆಗಳ ಕಂಪ್ಯೂಟರುಗಳಲ್ಲಿ ಇರುವುದುಂಟು. ಅವುಗಳನ್ನು ಹಾಗೆಯೇ ಜಾಲಪುಟಕ್ಕೆ ಅಂಟಿಸಿದರೆ ಪ್ರಯೋಜನವಿಲ್ಲ. ಪರಿವರ್ತಕ ತಂತ್ರಾಂಶಗಳ ಮೂಲಕ ಯೂನಿಕೋಡ್‌ಗೆ ಬದಲಿಸಿ, ಬಳಿಕ ಮುದ್ರಿತ ಪ್ರತಿಯೊಂದಿಗೆ ಹೋಲಿಸಿ ತಿದ್ದಬೇಕು. ಅರ್ಕಾವತ್ತು, ದೀರ್ಘ ಮತ್ತು ಅಂಕಿಗಳಲ್ಲಿ ದೋಷ ಉಳಿಯುವ ಸಂಭವವಿರುತ್ತದೆ. ಹಳೆಯ ತಂತ್ರಾಂಶಗಳು ಮೂಲೆಗೆ ಸೇರುತ್ತಿರುವ ಕಾರಣ ಈ ಕೆಲಸವನ್ನು ಮುಂದೂಡಿದಷ್ಟೂ ಕಷ್ಟ ಹೆಚ್ಚುತ್ತದೆ.

ಪರಿವರ್ತಿಸಿದ ಪಠ್ಯವನ್ನು ಪ್ರಕಟಿಸುವ ಮೊದಲು ಹಕ್ಕುಸ್ವಾಮ್ಯವನ್ನು ಪರಿಶೀಲಿಸಬೇಕು. ಭಾರತದ 1957ರ ಹಕ್ಕುಸ್ವಾಮ್ಯ ಅಧಿನಿಯಮದಂತೆ ಸಾಹಿತ್ಯ ಕೃತಿಯ ಹಕ್ಕು ಸಾಮಾನ್ಯವಾಗಿ ಲೇಖಕರ ಜೀವಿತಕಾಲ ಮತ್ತು ಅವರ ಮರಣದ ನಂತರದ 60 ವರ್ಷಗಳವರೆಗೆ ಇರುತ್ತದೆ.

## ಪ್ರಕಟಣೆ

ಸಿದ್ಧವಾದ ಪುಟಗಳನ್ನು ಎಲ್ಲರಿಗೂ ಲಭ್ಯವಾಗಿಸಲು ಆತಿಥೇಯ ಸೇವೆ ಮತ್ತು ವಿಳಾಸ ಬೇಕು. ಗಿಟ್‌ಹಬ್ ಪೇಜಸ್, ನಿಯೋಸಿಟೀಸ್ ಮೊದಲಾದ ಸೇವೆಗಳು ಸರಳ ತಾಣಗಳಿಗೆ ಉಚಿತವಾಗಿ ಸ್ಥಳ ನೀಡುತ್ತವೆ. ಅವುಗಳೊಂದಿಗೆ ಬರುವ ಉಚಿತ ಉಪವಿಳಾಸ ಕಲಿಕೆಗೆ ಸಾಕು. ಸ್ವಂತ ವಿಳಾಸ ಬೇಕಾದವರು ನೋಂದಣಿ ಸಂಸ್ಥೆಗಳಿಂದ ನಿಗದಿತ ಅವಧಿಗೆ ಅದನ್ನು ಪಡೆಯಬೇಕು. ಭಾರತದ ಡಾಟ್ ಇನ್ ವಿಳಾಸಗಳನ್ನು ನಿಕ್ಸಿ ಸಂಸ್ಥೆ ನಿರ್ವಹಿಸುತ್ತದೆ. ಕನ್ನಡ ಲಿಪಿಯ ಡಾಟ್ ಭಾರತ ಎಂಬ ವಿಳಾಸ ವರ್ಗವೂ ಇದೆ. ಅಂತಹ ವಿಳಾಸಗಳನ್ನು ಒಳಗೊಳಗೆ ಪ್ಯೂನಿಕೋಡ್ ಎಂಬ ರೋಮನ್ ರೂಪಕ್ಕೆ ಬದಲಿಸಿ ಬಳಸಲಾಗುತ್ತದೆ.

ಸ್ವಂತ ವಿಳಾಸವನ್ನು ಕಾಲಕಾಲಕ್ಕೆ ನವೀಕರಿಸದಿದ್ದರೆ ಅದು ಬೇರೆಯವರ ಪಾಲಾಗುತ್ತದೆ. ಆತಿಥೇಯ ಸೇವೆಗಳೂ ಶಾಶ್ವತವಲ್ಲ. ಒಂದು ಕಾಲದಲ್ಲಿ ಹವ್ಯಾಸಿಗಳ ತಾಣಗಳಿಗೆ ನೆಲೆಯಾಗಿದ್ದ ಜಿಯೋಸಿಟೀಸ್ 2009ರಲ್ಲಿ ಅಮೆರಿಕದಲ್ಲಿ ಮುಚ್ಚಿದಾಗ ಅಪಾರ ಸಂಖ್ಯೆಯ ಪುಟಗಳು ತಮ್ಮ ವಿಳಾಸಗಳಲ್ಲಿ ಇಲ್ಲವಾದವು. ಎಲ್ಲ ಕಡತಗಳ ಪ್ರತಿಯನ್ನು ಸ್ವಂತ ಕಂಪ್ಯೂಟರಿನಲ್ಲಿಯೂ ಬೇರೊಂದು ಸಾಧನದಲ್ಲಿಯೂ ಇಟ್ಟುಕೊಂಡರೆ ತಾಣವನ್ನು ಬೇರೆಡೆಗೆ ಸಾಗಿಸುವುದು ಸುಲಭ. ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮಷೀನ್‌ನಲ್ಲಿ ಪುಟದ ಪ್ರತಿಯನ್ನು ಉಳಿಸುವ ಸೌಲಭ್ಯವೂ ಇದೆ.

## ಕಲಿಕೆಯ ಆಕರಗಳು

ಕರ್ನಾಟಕದ ದ್ವಿತೀಯ ಪಿಯುಸಿ ಗಣಕವಿಜ್ಞಾನದ ಪಠ್ಯದಲ್ಲಿ ಅನೇಕ ವರ್ಷಗಳ ಕಾಲ ಜಾಲವಿನ್ಯಾಸದ ಅಧ್ಯಾಯವಿದ್ದು, ರಾಜ್ಯದ ಬಹಳಷ್ಟು ವಿದ್ಯಾರ್ಥಿಗಳು ಎಚ್‌ಟಿಎಂಎಲ್‌ನ ಪರಿಚಯವನ್ನು ಅಲ್ಲಿಯೇ ಪಡೆದರು. ಮುಂಬಯಿಯ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಧ್ವನಿಯುಳ್ಳ ಗಣಕ ಪಾಠಗಳನ್ನು ಉಚಿತವಾಗಿ ಒದಗಿಸುತ್ತದೆ. ಟಿ. ಜಿ. ಶ್ರೀನಿಧಿ ಅವರ ಇಜ್ಞಾನ ತಾಣದಲ್ಲಿ ತಂತ್ರಜ್ಞಾನದ ಪರಿಭಾಷೆಯನ್ನು ಸರಳ ಕನ್ನಡದಲ್ಲಿ ವಿವರಿಸುವ ಬರಹಗಳಿವೆ. ಇಂಗ್ಲಿಷಿನಲ್ಲಿ ಮೊಜಿಲ್ಲಾದ ಎಂಡಿಎನ್, ಡಬ್ಲ್ಯು3ಸ್ಕೂಲ್ಸ್ ಮತ್ತು ಫ್ರೀಕೋಡ್‌ಕ್ಯಾಂಪ್ ತಾಣಗಳು ಹೆಚ್ಚು ಬಳಕೆಯಲ್ಲಿವೆ. ಈ ಇಂಗ್ಲಿಷ್ ಪಾಠಗಳು ಕನ್ನಡ ಲಿಪಿಯ ತೊಡಕುಗಳನ್ನು ಸಾಮಾನ್ಯವಾಗಿ ಚರ್ಚಿಸುವುದಿಲ್ಲವಾದ್ದರಿಂದ, ಪ್ರತಿಯೊಂದು ಪಾಠದ ಉದಾಹರಣೆಯನ್ನು ಕನ್ನಡ ಪಠ್ಯದೊಂದಿಗೆ ಮತ್ತೊಮ್ಮೆ ಮಾಡಿ ನೋಡುವುದು ಉಪಯುಕ್ತ.

ಕಲಿತದ್ದು ಸರಿಯಾಗಿದೆಯೇ ಎಂಬುದಕ್ಕೆ ಕೆಲವು ಸರಳ ಪರೀಕ್ಷೆಗಳಿವೆ. ಪುಟವನ್ನು ಬೇರೊಬ್ಬರ ಮೊಬೈಲಿನಲ್ಲಿ ತೆರೆದಾಗ ಅಕ್ಷರಗಳು ಸರಿಯಾಗಿ ಕಾಣಬೇಕು. ಪುಟದೊಳಗೆ ಹುಡುಕಿದಾಗ ಕನ್ನಡ ಪದ ಸಿಗಬೇಕು. ಪಠ್ಯವನ್ನು ನಕಲು ಮಾಡಿ ಬೇರೆಡೆ ಅಂಟಿಸಿದಾಗ ಅದು ಕನ್ನಡವಾಗಿಯೇ ಉಳಿಯಬೇಕು. ಗಟ್ಟಿಯಾಗಿ ಓದುವ ತಂತ್ರಾಂಶ ಅದನ್ನು ಕನ್ನಡದಲ್ಲಿ ಓದಬೇಕು. ಇಷ್ಟನ್ನು ದಾಟಿದ ಪುಟ, ಅಲಂಕಾರ ಎಷ್ಟೇ ಸರಳವಾಗಿದ್ದರೂ, ಕನ್ನಡ ಜಾಲಪುಟವಾಗಿ ತನ್ನ ಕೆಲಸವನ್ನು ಮಾಡುತ್ತದೆ.

## ಇವನ್ನೂ ನೋಡಿ

- ಯೂನಿಕೋಡ್
- ಕನ್ನಡ ಲಿಪಿ
- ಎಚ್‌ಟಿಎಂಎಲ್
- ನುಡಿ (ತಂತ್ರಾಂಶ)
- ಬರಹ (ತಂತ್ರಾಂಶ)
- ಕೆ. ಪಿ. ರಾವ್
- ಕೌಜಲಗಿ
- ಶ್ರೀಕೃಷ್ಣ ಪಾರಿಜಾತ